ನಿನಗೆ ಬೆಂಜೀನ್ ಎಷ್ಟು ಬಂತು?

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಯಂತ್ರಕ್ಕೆ ಚೆಕ್ ಸ್ಯಾಂಪಲ್ ಹಾಕಿದೆ, ಉತ್ತರ ಮೊದಲೇ ಗೊತ್ತಿರುವ ಪೆಟ್ರೋಲು. ಬೆಂಜೀನ್ ಸರಿ. ಟಾಲುಯೀನ್ ಸರಿ. ಚಾರ್ಟಿನಲ್ಲಿ ಇನ್ನೊಂದು ಚುಕ್ಕಿ, ನಡುಗೆರೆಯ ಮೇಲೇ. ಮ್ಯಾನೇಜರ್ ಬಗ್ಗಿ ನೋಡಿ ತಮ್ಮ ಹಳೆಯ ಜೋಕ್ ಹೇಳಿದರು. “ಮೇಡಂ, ನಿಮ್ಮ ಇಸಿಜಿ ತೆಗೆದ್ರೂ ಹೀಗೇ ನೆಟ್ಟಗೆ ಬರುತ್ತೆ.” ನಕ್ಕೆ. ನೆಟ್ಟಗಿನ ಇಸಿಜಿ ಯಾರದು ಎಂದು ಹೇಳಲಿಲ್ಲ.

ರೌಂಡ್ ರಾಬಿನ್ ಬಾಟಲಿ ಬಂತು. ವರ್ಷಕ್ಕೆರಡು ಸಲ ಬರುತ್ತದೆ. ಒಂದೇ ಡ್ರಮ್ಮಿನ ಪೆಟ್ರೋಲನ್ನು ಕಂದು ಬಾಟಲಿಗಳಲ್ಲಿ ತುಂಬಿ ಎಲ್ಲ ಲ್ಯಾಬುಗಳಿಗೂ ಕಳಿಸುತ್ತಾರೆ. ಅಳೆದು ಸಂಖ್ಯೆ ಕಳಿಸಬೇಕು. ಹೆಚ್ಚು ಜನ ಹೇಳಿದ್ದೇ ನಿಜ. ನಿಜದಿಂದ ದೂರ ನಿಂತವರಿಗೆ ನೋಟಿಸು. ಯಾರೂ ಯಾರನ್ನೂ ಕೇಳಬಾರದು ಎನ್ನುವುದು ನಿಯಮ. ಎಲ್ಲರೂ ಯಾರನ್ನಾದರೂ ಕೇಳುತ್ತಾರೆ ಎನ್ನುವುದು ರೂಢಿ.

ನನ್ನನ್ನು ಕೇಳುವವನು ಒಬ್ಬನೇ. ಗಂಡ — ಕಾಗದದ ಮೇಲೆ ಇನ್ನೂ ಹಾಗೇ. ಮನೆ ಬಿಟ್ಟು ಆರು ವರ್ಷ. ಪಟ್ಟಣದ ಆ ತುದಿಯ ಪುಟ್ಟ ಪ್ರೈವೇಟ್ ಲ್ಯಾಬಿನಲ್ಲಿ ಟೆಕ್ನಿಕಲ್ ಹೆಡ್. ಬೇರೆ ದಿನಗಳಲ್ಲಿ ಫೋನಿಲ್ಲ, ಕ್ಷೇಮವಿಲ್ಲ, ಜಗಳವೂ ಇಲ್ಲ. ಬಾಟಲಿ ಬಂದ ವಾರ ಮಾತ್ರ ತಪ್ಪದೆ ಫೋನ್. “ನಿನಗೆ ಬೆಂಜೀನ್ ಎಷ್ಟು ಬಂತು?” ಅಷ್ಟೇ ನಮ್ಮ ದಾಂಪತ್ಯ ಈಗ.

ನಾನು ಹೇಳುತ್ತೇನೆ. ಕೊನೆಯ ಅಂಕಿಯನ್ನು ಒಂಚೂರು ಅಲ್ಲಾಡಿಸಿ ತನ್ನದೆಂದು ಹಾಕಿಕೊಳ್ಳುತ್ತಾನೆ. ಕಾಪಿ ಹೊಡೆದು ಬೇಕೆಂದೇ ಒಂದು ಕಾಗುಣಿತ ತಪ್ಪು ಬರೆಯುವ ಹುಡುಗರ ಹಾಗೆ.

ಬಾಟಲಿ ಫ್ರಿಜ್ಜಿನಲ್ಲಿಟ್ಟೆ. ತಣ್ಣಗಾಗುವ ಮೊದಲೇ ತೆರೆದರೆ ಹಗುರಾದದ್ದೆಲ್ಲ ಹಾರಿಹೋಗುತ್ತದೆ, ಭಾರದ್ದು ಉಳಿಯುತ್ತದೆ. ನಮ್ಮ ಮನೆಯಲ್ಲೂ ಆದದ್ದು ಅದೇ. ಅವನು ಹೋದ. ನಾನೂ ಅತ್ತೆಯೂ ಉಳಿದೆವು.

ಮಾರ್ಚ್ 5, ಬುಧವಾರ

ಯಂತ್ರದಲ್ಲಿ ಸ್ಯಾಂಪಲನ್ನು ಹೊತ್ತೊಯ್ಯುವ ಹೀಲಿಯಂ ಗ್ಯಾಸ್ ಮುಗಿದಿತ್ತು. ಸಿಲಿಂಡರ್ ಬದಲಾಯಿಸಿದೆ. ಗ್ಯಾಸಿನಲ್ಲಿ ಬರುವ ಆಕ್ಸಿಜನ್ನನ್ನು ತಡೆಯುವ ಫಿಲ್ಟರ್ ಬಣ್ಣಗೆಟ್ಟಿದೆ. ಹೊಸದು ಬೇಕೆಂದು ಬರೆದುಕೊಟ್ಟು ಎಷ್ಟೋ ದಿನವಾಯಿತು, ಸ್ಟೋರಿನವರಿಗೆ ಮೈಯೆಲ್ಲ ಕಿವುಡು. ಸೋಮವಾರದವರೆಗೆ ನಡೆಯುತ್ತೆ.

ಮನೆಗೆ ಬಂದಾಗ ಅತ್ತೆ ಕನ್ನಡಕ ಒರೆಸುತ್ತ ಕೂತಿದ್ದರು.

“ಬಾಟ್ಲಿ ಬಂತಾ?”

“ಬಂತು.”

“ಹಾಗಿದ್ರೆ ನನ್ನ ಮಗ ಬದುಕಿದಾನೋ ಇಲ್ವೋ ಅಂತ ಈ ವಾರ ಗೊತ್ತಾಗುತ್ತೆ.”

ಊಟದ ಮೇಲೆ ಪದ್ಯ ಓದಿದೆ. ಹಳೆಯ ಛಂದಸ್ಸಿನವರು ಯತಿ ಎನ್ನುತ್ತಾರಲ್ಲ — ಸಾಲಿನ ನಡುವೆ ಉಸಿರು ನಿಲ್ಲುವ ಜಾಗ. ತಪ್ಪು ಜಾಗದಲ್ಲಿ ನಿಂತರೆ ಪದ ಎರಡು ತುಂಡು. ನನ್ನ ಯಂತ್ರಕ್ಕೂ ಒಂದು ಯತಿ ಇದೆ. ಒಲೆಯೊಳಗಿನ ಸಪೂರ ನಳಿಗೆ, ಮೊದಲನೇ ಕಾಲಮ್, ಬೆಂಜೀನನ್ನೂ ಅದರ ಬಳಗವನ್ನೂ ಸೆರಗು ಹಿಡಿದು ನಿಲ್ಲಿಸಿಕೊಳ್ಳುತ್ತದೆ. ಬೇರೆ ಹಗುರಾದದ್ದೆಲ್ಲ ಹೊರಕ್ಕೆ. ಆಮೇಲೆ ವಾಲ್ವ್ ತಿರುಗುತ್ತದೆ — ಟಕ್. ನಿಂತವರೆಲ್ಲ ಎರಡನೇ ಕಾಲಮ್ಮಿಗೆ, ಅಲ್ಲಿಂದ ಒಬ್ಬೊಬ್ಬರಾಗಿ ಪರದೆಗೆ. ಆ ಟಕ್ ಚೂರು ತಡವಾದರೂ ಬೆಂಜೀನಿನ ತಲೆ ಹೊರಗೆ, ಮುಂಡ ಒಳಗೆ.

ಇಷ್ಟು ವರ್ಷ ನನ್ನ ಯತಿ ತಪ್ಪಿಲ್ಲ.

ಮಾರ್ಚ್ 6, ಗುರುವಾರ, ಸಂಜೆ

ರೌಂಡ್ ರಾಬಿನ್ ರನ್ ಮಾಡಿದೆ. ಬೆಂಜೀನ್ ಶೇಕಡಾ 0.61. ಮತ್ತೊಂದು ಸಲ — 0.61. ಬಡ ಪೆಟ್ರೋಲು ಈ ಸಲ. ಪರದೆಯಲ್ಲಿ ಬೆಂಜೀನ್ ಎಬ್ಬಿಸಿದ ಗುಡ್ಡ, ಆ ಪೀಕ್ ನೋಡಿ ಏನೋ ಒಂದು ಕ್ಷಣ… ಎಡ ಭುಜ ಸ್ವಲ್ಪ ಕಡಿದಾಗಿತ್ತೇ? ಆದರೆ ಎರಡೂ ಸಲ ಒಂದೇ ಮಾತು. ಎರಡು ಸಲ ಒಂದೇ ಮಾತಾಡಿದವರನ್ನು ನಂಬದೆ ಇನ್ನೇನು ಮಾಡುವುದು.

ನಾಳೆಯೇ ಕೊನೆ ದಿನ. ಇವತ್ತೇ ಕಳಿಸಿಬಿಟ್ಟೆ. ಕಳಿಸಿ ಕೈ ತೊಳೆಯುತ್ತಿದ್ದಾಗ ಫೋನ್.

“ನಾನು.”

“ಗೊತ್ತು. ಬಾಟಲಿ ಬಂದಿದೆಯಲ್ಲ.”

ನಕ್ಕ. “ಅಮ್ಮ ಹೇಗಿದಾಳೆ?”

“ನಿನ್ನ ಅಮ್ಮ. ನೀನೇ ಕೇಳು.”

“ಬೈತಾಳೆ.”

“ಬೈಸ್ಕೋ. ಬೈಗುಳ ತಿಂದು ಯಾರೂ ಸತ್ತಿಲ್ಲ.”

ಆಮೇಲೆ ಅದೇ. “ನಿನಗೆ ಬೆಂಜೀನ್ ಎಷ್ಟು ಬಂತು?”

“ಪಾಯಿಂಟ್ ಆರು ಒಂದು.”

“ಆರು ಒಂದಾ?”

“ಯಾಕೆ? ನಿನಗೆಷ್ಟು?”

“ಇಲ್ಲೇ… ಹತ್ತಿರ ಹತ್ತಿರ.” ಏನೋ ಕಾಗದ ಮಗುಚಿದ ಸದ್ದು. “ಖಚಿತಾನಾ?”

“ನಾನು ಯಾವತ್ತು ತಪ್ಪು ಹೇಳಿದೀನಿ?”

“ಇಲ್ಲ ಬಿಡು. ಅದೇ ತಾನೆ ನಿನ್ನ ರೋಗ.” ಇಟ್ಟ.

ಹೋಗುವ ದಿನವೂ ಇದನ್ನೇ ಹೇಳಿದ್ದ. ಚಪ್ಪಲಿ ಮೆಟ್ಟಿಕೊಳ್ಳುತ್ತ. “ನಿನ್ನ ಜೊತೆ ಸಂಸಾರ ಅಂದ್ರೆ ದಿನಾ ಆಡಿಟ್. ಒಂದ್ಸಲ, ಒಂದೇ ಒಂದ್ಸಲ ತಪ್ಪು ಮಾಡೇ ತಾಯಿ.” ನನ್ನ ಪ್ರೀತಿಯನ್ನು ನಂಬಲಿಲ್ಲ. ಕೋಪವನ್ನೂ ನಂಬಲಿಲ್ಲ. ಅತ್ತದ್ದನ್ನಂತೂ ನೋಡಲೇ ಇಲ್ಲ. ನನ್ನ ಎರಡನೇ ದಶಮಾಂಶವನ್ನು ಮಾತ್ರ ಕಣ್ಣುಮುಚ್ಚಿ ನಂಬುತ್ತಾನೆ.

ಮಾರ್ಚ್ 10, ಸೋಮವಾರ

ಚೆಕ್ ಸ್ಯಾಂಪಲ್. ಟಾಲುಯೀನ್ ಸರಿ. ಬೆಂಜೀನ್ — ಇರಬೇಕಾದದ್ದರ ಮುಕ್ಕಾಲು.

ಮತ್ತೆ ಹಾಕಿದೆ. ಮುಕ್ಕಾಲು.

ವಾಲ್ವ್ ತನ್ನ ಸಮಯಕ್ಕೇ ತಿರುಗುತ್ತಿದೆ. ಕಾಲಮ್ ಸತ್ತಿದೆ. ಆಕ್ಸಿಜನ್ ನುಗ್ಗಿ, ಬಿಸಿ ಒಲೆಯಲ್ಲಿ ಮೊದಲನೇ ಕಾಲಮ್ ಸುಟ್ಟು ಹಿಡಿತ ಸಡಿಲಾಗಿದೆ. ಬೆಂಜೀನ್ ಮೊದಲೇ ಹೊರಟುಬಿಡುತ್ತದೆ, ಟಕ್ ಅನ್ನುವಷ್ಟರಲ್ಲಿ ತಲೆ ಹೊರಗೆ. ಬುಧವಾರದ ಸಿಲಿಂಡರ್. ಗುರುವಾರ ಎರಡು ಸಲವೂ ಕಡಿದದ್ದು ಒಂದೇ ಜಾಗದಲ್ಲಿ, ಅದಕ್ಕೇ ಎರಡು ಸಲವೂ ಒಂದೇ ಉತ್ತರ. ಒಂದೇ ಸುಳ್ಳು ಎರಡು ಸಲ.

“ಸೋಮವಾರದವರೆಗೆ ನಡೆಯುತ್ತೆ.” ಮೇಲೆ ಬರೆದಿದೆ. ನನ್ನದೇ ಅಕ್ಷರ.

ಸಂಖ್ಯೆ ಕಳಿಸುವ ಅವಧಿ ಶುಕ್ರವಾರವೇ ಮುಗಿದಿದೆ. ಈಗ ಬದಲಿಸಲಾಗದು. ನನ್ನದನ್ನೂ, ಅವನದನ್ನೂ.

ಮಾರ್ಚ್ 11, ಮಂಗಳವಾರ

ಹೊಸ ಕಾಲಮ್, ಹೊಸ ಫಿಲ್ಟರ್ (ನಾನೇ ಸ್ಟೋರಿಗೆ ಹೋಗಿ ಕಿತ್ತುಕೊಂಡು ಬಂದೆ). ಬಾಟಲಿಯ ತಳದಲ್ಲಿ ಸ್ವಲ್ಪ ಉಳಿದಿತ್ತು. 0.83. ಪೀಕ್ ಹೇಗೆ ನಿಂತಿದೆ ಈಗ… ಎರಡೂ ಭುಜ ಸಮ.

ಅವನಿಗೆ ಹೇಳಬೇಕು. ನಾಳೆ ಹೇಳುತ್ತೇನೆ.

ಮಾರ್ಚ್ 14, ಶುಕ್ರವಾರ

ಹೇಳಲಿಲ್ಲ.

ಮಾರ್ಚ್ 19, ಬುಧವಾರ

ಏನಂತ ಹೇಳುವುದು? ಹೇಳಿದರೆ ಬದಲಾಗುವುದೇನು? ಅವಧಿ ಮುಗಿದಿದೆ. ಅಲ್ಲದೆ “ಹತ್ತಿರ ಹತ್ತಿರ” ಎಂದನಲ್ಲ. ಅವನಿಗೂ ಕಡಿಮೆಯೇ ಬಂದಿದ್ದಿರಬಹುದು. ಅವನದೂ ಹಳೆಯ ಯಂತ್ರ…

ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದವಳು ಬರೆಯುವ ಮಾತೇ ಇದು?

ಎರಡು ಸಲ ಫೋನ್ ಎತ್ತಿಕೊಂಡೆ. “ನಾನು ತಪ್ಪಿದೆ” — ಅಂಥ ಉದ್ದದ ವಾಕ್ಯವೇನಲ್ಲ. ಆದರೆ ಅವನು ನಗುತ್ತಾನೆ. ಹೊಸ್ತಿಲಲ್ಲಿ ನಿಂತು ಬೇಡಿಕೊಂಡದ್ದು ಆರು ವರ್ಷ ತಡವಾಗಿ ಸಿಕ್ಕಿತೆಂದು ಗಹಗಹಿಸಿ ನಗುತ್ತಾನೆ. ಆ ನಗು ಬೇಡ.

ಏಪ್ರಿಲ್ 22, ಮಂಗಳವಾರ

ರಿಪೋರ್ಟ್ ಬಂತು. ಎಲ್ಲ ಲ್ಯಾಬುಗಳೂ ಚುಕ್ಕಿಗಳಾಗಿ ನಿಂತಿವೆ, ಹೆಸರಿಲ್ಲ, ಬರಿಯ ಕೋಡ್. ಸರಿಯುತ್ತರ 0.83. ಅದರ ಸುತ್ತ ಇರುವೆ ಮುತ್ತಿದಂತೆ ಚುಕ್ಕಿಗಳು. ದೂರ ಕೆಳಗೆ, ಖಾಲಿ ಜಾಗದಲ್ಲಿ, ಎರಡೇ ಎರಡು. ಒತ್ತಿಕೊಂಡು, ಮದುವೆ ಫೋಟೋಗೆ ನಿಂತ ಹಾಗೆ.

0.61. 0.62.

ಏಪ್ರಿಲ್ 23, ಬುಧವಾರ

“ಚೆನ್ನಾಗಿತ್ತು,” ಅಂದ. ಹಲೋ ಇಲ್ಲ.

“ಏನು?”

“ನಾಟಕ. ನಂಗೆ ಎಂಟು ನಾಲ್ಕು ಬಂದಿತ್ತು ಕಣೇ. ಪಾಯಿಂಟ್ ಎಂಟು ನಾಲ್ಕು. ಸರಿಯಾಗೇ ಬಂದಿತ್ತು. ನೀನು ಆರು ಒಂದು ಅಂದೆ, ನನ್ನದೇ ತಪ್ಪಿರಬೇಕು ಅಂತ ಅಳಿಸಿ ನಿಂದು ಹಾಕ್ದೆ.”

“ಕಾಲಮ್ ಹಾಳಾಗಿತ್ತು.”

“ಯಾರದು?”

“ನಂದು.”

“ನಿಂದು!” ನಕ್ಕ. ನಾನು ಹೆದರಿದ್ದ ನಗುವಲ್ಲ. ಇದು ಒಣಗಿದ್ದು. “ನಿನ್ನ ಕಾಲಮ್ ಹಾಳಾಗಿತ್ತು, ನಿಂಗೇ ಗೊತ್ತಾಗ್ಲಿಲ್ಲ. ಯಾರ ಕಿವಿಗೆ ಹೂ ಇಡ್ತೀಯ?”

“ಸೋಮವಾರ ಗೊತ್ತಾಯ್ತು.”

“ಯಾವ ಸೋಮವಾರ?”

ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದೆ.

“ಯಾವ ಸೋಮವಾರ, ಹೇಳು.”

“ಸಂಖ್ಯೆ ಕಳಿಸಿದ ಮೇಲಿನದ್ದು.”

“ಅಂದ್ರೆ ಇಷ್ಟು ದಿನ ಗೊತ್ತಿತ್ತು. ಗೊತ್ತಿದ್ದೂ ಬಾಯಿಗೆ ಬೀಗ.” ಉಸಿರು ಕೇಳಿಸಿತು. “ಎದುರುಮನೆಯವನಿಗೆ ಅಪಶಕುನ ಆಗ್ಲಿ ಅಂತ ತನ್ನ ಮೂಗು ತಾನೇ ಕೊಯ್ಕೊಂಡಳಂತೆ. ನಿಂದು ದೊಡ್ಡ ಲ್ಯಾಬು. ಒಂದು ಕಾಗದ ಬರೆದ್ರೆ ಮೂಗು ಮತ್ತೆ ಬೆಳೆಯುತ್ತೆ. ನಮ್ಮ ಕಾಂಟ್ರಾಕ್ಟ್ ನಿಂತಿರೋದೇ ಇದರ ಮೇಲೆ. ನನ್ನ ಸಹಿ ಮೇಲೆ.”

“ಬೇಕಂತ ಮಾಡ್ಲಿಲ್ಲ.”

“ನೀನು ಬೇಕಂತ ಅಲ್ದೆ ಏನನ್ನೂ ಮಾಡಲ್ಲ.”

ಇಟ್ಟುಬಿಟ್ಟ. ಈ ಮಾತು ಯಾರಾದರೂ ಬೇರೆಯವರು ಹೇಳಿದ್ದರೆ ಹೊಗಳಿಕೆ ಎಂದುಕೊಳ್ಳುತ್ತಿದ್ದೆ.

ಏಪ್ರಿಲ್ 25, ಶುಕ್ರವಾರ

ಮ್ಯಾನೇಜರ್ ಕರೆಸಿದರು. ನಡೆದದ್ದು ಹೇಳಿದೆ — ಫಿಲ್ಟರ್ ಕೆಟ್ಟದ್ದು ಗೊತ್ತಿತ್ತು, ಸಿಲಿಂಡರ್ ಬದಲಿಸಿದ ಮೇಲೆ ಚೆಕ್ ಹಾಕಬೇಕಿತ್ತು, ಹಾಕಲಿಲ್ಲ. ತಪ್ಪು ನನ್ನದು.

“ಛೇ ಛೇ, ನಿಮ್ಮಿಂದ ತಪ್ಪಾಗುತ್ತಾ ಮೇಡಂ? ಇನ್‌ಸ್ಟ್ರುಮೆಂಟ್ ಪ್ರಾಬ್ಲಮ್ ಅಂತ ಬರೀರಿ.”

“ಇನ್‌ಸ್ಟ್ರುಮೆಂಟ್ ನೋಡ್ಕೊಳ್ಳೋಳು ನಾನೇ.”

“ಅದಕ್ಕೇ ಹೇಳಿದ್ದು. ನಿಮ್ಮ ಮೇಲೆ ಬಂದ್ರೆ ಇಷ್ಟು ವರ್ಷದ ರಿಪೋರ್ಟುಗಳನ್ನೆಲ್ಲ ಯಾರು ನಂಬ್ತಾರೆ? ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು.”

ಬರೆದೆ. ಇನ್‌ಸ್ಟ್ರುಮೆಂಟ್ ಪ್ರಾಬ್ಲಮ್. ಸಹಿ ಹಾಕಿದೆ. ಒಂದು ಪುಟಕ್ಕೆ ಮುಗಿಯಿತು ನನ್ನದು. ಅವನು ಹೇಳಿದ ಹಾಗೇ.

ಮೇ 4, ಭಾನುವಾರ

ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದ್ದಾನೆ. ಕೊನೆಗೂ ಅಮ್ಮನ ನೆನಪಾಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ನನ್ನನ್ನೇ ನೋಡುತ್ತ, “ಬಾಯಿಲ್ಲದವಳು ಅಂದ್ಕೊಂಡಿದ್ದೆ ನಿನ್ನ,” ಅಂದರು. “ಬಾಯಿಲ್ಲ, ಹಲ್ಲಿದೆ. ಒಳ್ಳೇದು ಮಾಡ್ದೆ ಬಿಡು. ಹೆತ್ತವಳು ನಾನು ಕೊಡಬೇಕಿತ್ತು ಆ ಏಟು. ನನ್ನ ಕೈಲಿ ಆಗ್ಲಿಲ್ಲ.”

“ಅತ್ತೆ, ಬೇಕಂತ ಮಾಡಿದ್ದಲ್ಲ. ತಪ್ಪಾಗಿ ಹೋಯ್ತು.”

“ಅಯ್ಯೋ, ನನ್ನ ಹತ್ರ ಯಾಕೆ ಮುಚ್ಚುಮರೆ? ನೀನು ಉಪ್ಪು ಹಾಕೋದೂ ತೂಕ ಮಾಡಿ. ನಿಂಗೆ ತಪ್ಪಾಗುತ್ತಂತೆ!”

“ನಿಜವಾಗ್ಲೂ.”

“ಆಯ್ತಮ್ಮ. ನಿಜವಾಗ್ಲೂ. ಉಣ್ಣು.”

ಕಣ್ಣಲ್ಲಿ ನಗು. ಊಟವಾದ ಮೇಲೆ ನನ್ನ ತಟ್ಟೆಯನ್ನು ಅತ್ತೆಯೇ ತೆಗೆದುಕೊಂಡು ಹೋಗಿ ತೊಳೆದರು. ಮದುವೆಯಾದಂದಿನಿಂದ ಮೊದಲ ಸಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಮಾಡದ ಕೆಲಸಕ್ಕೆ ಸಿಕ್ಕ ಬಹುಮಾನ. ತಟ್ಟೆ ಫಳಫಳ ಹೊಳೆಯುತ್ತಿತ್ತು.

ಮೇ 22, ಗುರುವಾರ

ಮ್ಯಾನೇಜರ್ ಟೀ ಹೊತ್ತಿನಲ್ಲಿ ಸುದ್ದಿ ತಂದರು. ಅವನು ನನಗೇನಾಗಬೇಕು ಎಂದು ಅವರಿಗೆ ಗೊತ್ತಿಲ್ಲ.

“ಆ ಇನ್ನೊಂದು ಲ್ಯಾಬಿಗೆ ಆಡಿಟರ್ಸ್ ಹೋಗಿದ್ರಂತೆ. ಮೆಷಿನ್ನಲ್ಲಿ ಎಂಟು ನಾಲ್ಕು ಇದೆ, ಕಳಿಸಿರೋದು ಆರು ಎರಡು! ಯಾಕಪ್ಪಾ ಬದಲಾಯಿಸ್ದೆ, ಯಾರನ್ನ ಕೇಳ್ದೆ ಅಂತ ಕೂರಿಸಿಕೊಂಡು ಕೇಳಿದಾರೆ. ಯಾರನ್ನೂ ಕೇಳಿಲ್ಲ, ನಂಗೆ ನನ್ನ ಮೇಲೇ ನಂಬಿಕೆ ಬರ್ಲಿಲ್ಲ ಅಂದ್ನಂತೆ. ಸರಿಯುತ್ತರ ಕೈಲಿ ಇಟ್ಕೊಂಡು ತಪ್ಪು ಬರೆದು ಬಂದವನು. ಇಂಥ ಹುಚ್ಚನ್ನ ನೋಡಿದೀರಾ ಮೇಡಂ?”

ನೋಡಿದ್ದೇನೆ ಎಂದೆ. ಟೀ ಆರಿತ್ತು.

ನನ್ನ ಹೆಸರು ಹೇಳಿಲ್ಲ. ಹೇಳಿದ್ದರೆ ನಾನೂ ಸಿಕ್ಕಿಬೀಳುತ್ತಿದ್ದೆ. ನನ್ನನ್ನು ಉಳಿಸಿದನೋ, ತನ್ನ ಮರ್ಯಾದೆ ಉಳಿಸಿಕೊಂಡನೋ… ಇದನ್ನು ಬಿಡಿಸಿ ಹೇಳುವ ಕಾಲಮ್ ನನ್ನ ಹತ್ತಿರ ಇಲ್ಲ.

ಮೇ 24, ಶನಿವಾರ

ಎರಡೂ ರನ್‌ಗಳ ಚಿತ್ರ ಅವನಿಗೆ ಕಳಿಸಿದೆ. ಗುರುವಾರದ್ದು, ಭುಜ ಕಡಿದ ಪೀಕ್. ಹೊಸ ಕಾಲಮ್ಮಿನದು, ಪೂರ್ತಿ ಪೀಕ್. ಕೆಳಗೆ ಬರೆದೆ: ನೋಡು. ನಾನು ತಪ್ಪಿದೆ. ನೀನು ಸರಿ ಇದ್ದೆ.

ಬರೆಯಲು ಅರ್ಧ ದಿನ ಬೇಕಾಯಿತು. ಮೂರು ಮಾತು. ನಮ್ಮ ಮನೆಯ ಗೋಡೆಗಳು ಎಂದೂ ಕೇಳಿರದ ಮೂರು ಮಾತು.

ಸಂಜೆ ಉತ್ತರ: “ನೀಟಾಗಿದೆ. ಇದನ್ನೂ ನೀಟಾಗೇ ಮಾಡಿದೀಯ.”

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಯಾರು ಉಣ್ಣುವುದು, ಎಲ್ಲಿ ಮಲಗುವುದು ಎಂದು ಗಾದೆ ಹೇಳುವುದಿಲ್ಲ.

ಜೂನ್ 15, ಭಾನುವಾರ

ಅವನನ್ನು ತೆಗೆದಿದ್ದಾರೆ. “ನೀವೇ ಬಿಟ್ಟ ಹಾಗೆ ಬರೆದುಕೊಡಿ” ಎಂದರಂತೆ. ಈಗ ಬಣ್ಣದ ಕಂಪನಿಯೊಂದರ ಗೋಡೌನಿನಲ್ಲಿ ಡಬ್ಬ ಎಣಿಸುತ್ತಾನೆ. ಅತ್ತೆ ಹೇಳಿದರು. ಕಿಟಕಿಯ ಕಡೆ ತಿರುಗಿ.

“ಇಷ್ಟೊಂದು ಬೇಕಿರ್ಲಿಲ್ಲ ಕಣೇ.”

“ಅತ್ತೆ—”

“ಕೆನ್ನೆಗೆ ಹೊಡೀತೀಯ ಅಂದ್ಕೊಂಡೆ. ಹೊಟ್ಟೆಗೇ ಹೊಡೆದ್ಯಲ್ಲ. ನಾನೇನೋ ಅವತ್ತು ಸಿಟ್ಟಲ್ಲಿ ಅಂದೆ. ನೀನು ಓದಿದವಳು, ಪದ್ಯ ಗಿದ್ಯ ಓದೋಳು.”

ತಟ್ಟೆ ನಾನೇ ತೊಳೆದುಕೊಂಡೆ. ಇಬ್ಬರದೂ.

ಪದ್ಯ ಓದಲು ಕೂತೆ. ಅಕ್ಷರದ ಮೇಲೆ ಕಣ್ಣು ಜಾರುತ್ತದೆ, ಒಳಗೆ ಏನೂ ನಿಲ್ಲುವುದಿಲ್ಲ. ಹಿಡಿತ ಹೋದ ಕಾಲಮ್.

ಒಂದು ವಿಚಿತ್ರ. ನಾನು ಸೇಡಿನವಳೆಂದು ನಂಬಲು ಎಲ್ಲರೂ ತಯಾರು — ಗಂಡ, ಅತ್ತೆ. ನಾನು ತಪ್ಪುವವಳೆಂದು ನಂಬಲು ಒಬ್ಬರೂ ಇಲ್ಲ. ಯಾರ ಕೆಲಸ ಇದು? ಯಾರು ಇಷ್ಟು ವರ್ಷ ಕೂತು ಕೂತು ಕಟ್ಟಿದ್ದು?

ಸೆಪ್ಟೆಂಬರ್ 1, ಸೋಮವಾರ

ಬಾಟಲಿ ಬಂತು. ಫ್ರಿಜ್ಜಿನಲ್ಲಿಟ್ಟೆ.

ಅತ್ತೆ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸೆಪ್ಟೆಂಬರ್ 4, ಗುರುವಾರ, ಸಂಜೆ

ಈಗ ಹೊಸ ಪದ್ಧತಿ ಮಾಡಿಕೊಂಡಿದ್ದೇನೆ. ಸ್ಯಾಂಪಲ್ಲಿಗೆ ಮೊದಲು ಒಂದು ಚೆಕ್, ಕೊನೆಗೆ ಒಂದು ಚೆಕ್. ಕೊನೆಯದು ಸರಿ ಬರುವವರೆಗೆ ನಡುವಿನ ಸಂಖ್ಯೆ ಸಂಖ್ಯೆಯೇ ಅಲ್ಲ. ಮೊದಲ ಚೆಕ್ ಸರಿ ಬಂತು. ಬೆಂಜೀನ್ 0.92, ಎರಡು ಸಲವೂ. ಕೊನೆಯ ಚೆಕ್ ಹಾಕಿ ಕೂತೆ. ವಾಲ್ವ್ ಟಕ್ ಎಂದಿತು. ಇನ್ನು ಕಾಯುವುದು.

ಆಗ ಫೋನ್. ಅವನ ಲ್ಯಾಬಿನ ನಂಬರ್. ಎದೆ ಹಾರಿತು — ಹಾರಬಾರದು, ಹಾರಿತು.

ಹೆಣ್ಣು ದನಿ. “ನಮಸ್ತೆ ಮೇಡಂ. ನಾನು ಇಲ್ಲಿ ಸರ್ ಜಾಗಕ್ಕೆ ಬಂದಿರೋಳು. ತಪ್ಪು ತಿಳ್ಕೋಬೇಡಿ… ಕೇಳಬಾರ್ದು ಅಂತ ಗೊತ್ತು. ರೌಂಡ್ ರಾಬಿನ್… ನಿಮಗೆ ಬೆಂಜೀನ್ ಎಷ್ಟು ಬಂತು?”

“ಈ ನಂಬರ್ ಯಾರು ಕೊಟ್ರು?”

“ಸರ್ರೇ. ಹೋಗುವಾಗ ಚಾರ್ಜ್ ಕೊಡ್ತಾ ಬರೆಸಿದ್ರು. ಡೌಟ್ ಬಂದ್ರೆ ಇವರನ್ನ ಕೇಳು, ಅಲ್ಲಿ ತಪ್ಪು ಅನ್ನೋದೇ ಇಲ್ಲ ಅಂದ್ರು.”

ಪರದೆ ನೋಡಿದೆ. ಗೆರೆ ಇನ್ನೂ ಚಪ್ಪಟೆ. ಬೆಂಜೀನ್ ಬರುವ ಹೊತ್ತಾಗಿರಲಿಲ್ಲ.

ಎಲ್ಲ ಹೋದ ಮೇಲೂ ಅದೊಂದನ್ನು ಬಿಡಲಿಲ್ಲ ಅವನು. ನನ್ನ ಸಂಖ್ಯೆ ನಂಬಿ ಕೆಲಸ ಕಳೆದುಕೊಂಡ, ನಾನು ಮೋಸ ಮಾಡಿದೆ ಎಂದು ನಂಬಿದ. ನಾನು ತಪ್ಪಿದೆ ಎಂದು ಮಾತ್ರ ನಂಬಲಿಲ್ಲ.

“ನಿಮಗೆಷ್ಟು ಬಂತು?” ಕೇಳಿದೆ.

“ಒಂದು ಪಾಯಿಂಟ್ ಸೊನ್ನೆ ನಾಲ್ಕು ಮೇಡಂ. ಆದ್ರೆ ಮೆಷಿನ್ ನಂಗೆ ಹೊಸದು. ನಿಮ್ಮದು ಹೇಳಿಬಿಡಿ, ಅದನ್ನೇ ಹಾಕ್ತೀನಿ.”

ನಿಮ್ಮದನ್ನೇ ಹಾಕಿ ಎನ್ನಬೇಕು. ಫೋನ್ ಇಡಿ, ಚೆಕ್ ಸ್ಯಾಂಪಲ್ ಹಾಕಿ, ಯಾರನ್ನೂ ಕೇಳಬೇಡಿ, ನನ್ನನ್ನಂತೂ ಕೇಳಲೇಬೇಡಿ ಎನ್ನಬೇಕು. ಮಾತು ನಾಲಿಗೆಯ ತುದಿಯಲ್ಲೇ ಇತ್ತು.

“ಪಾಯಿಂಟ್ ಒಂಬತ್ತು ಎರಡು,” ಅಂದೆ.

ಆ ಕಡೆ ಪೆನ್ನಿನ ಸದ್ದು. ಆಮೇಲೆ, ಸಂಕೋಚದಿಂದ — “ಖಚಿತಾನಾ ಮೇಡಂ?”

ಪರದೆಯ ಗೆರೆ ಆಗಷ್ಟೇ ಮೇಲೇಳುತ್ತಿತ್ತು. ಎಡ ಭುಜ ಹೇಗಿದೆ ಎಂದು ನೋಡುವ ಮೊದಲೇ ಬಾಯಿ ತೆರೆದಿತ್ತು —

“ನಾನು ಯಾವತ್ತು ತಪ್ಪು ಹೇಳಿದೀನಿ?”